ಹಳೇ ಬೋಟು, ಎರಡು ಇಂಜಿನ್: ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು?

ಘಟ್ಟದ ಮೇಲಿನವ, ಶಿರಸಿ

ಎಲ್ಲರಿಗೂ ನಮಸ್ಕಾರ. ಭಾವ ಕಾರವಾರದಲ್ಲಿದ್ದಾರೆ, ಅವರೂ ನಾನೂ ಸೇರಿ ಒಂದು ಹಳೇ ಫೈಬರ್ ಬೋಟು ತಗೊಳ್ಳುವ ಯೋಚನೆಯಲ್ಲಿದ್ದೇವೆ. 26 ಅಡಿ ಉದ್ದ. ಹಿಂದೆ 60 ಎಚ್‌ಪಿಯ ಎರಡು ಪೆಟ್ರೋಲ್ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗಿನಿಂದ ಕಚ್ಚಿಸುವ ಇಂಜಿನ್), ಎರಡೂ ಫೋರ್ ಸ್ಟ್ರೋಕ್, ಒಂದೇ ಮಾಡೆಲ್. ಇಷ್ಟು ದಿನ ಕಾಳಿ ನದಿಯಲ್ಲಿ, ದೇವಬಾಗದ ಕಡೆ ಪ್ರವಾಸಿಗರನ್ನು ಸುತ್ತಾಡಿಸಿದ ಬೋಟು. ಮಾರುವವರು "ಇಂಜಿನ್ ಬೆಣ್ಣೆ ಇದ್ದಂಗಿದೆ, ಕಣ್ಣು ಮುಚ್ಚಿ ತಗೊಳ್ಳಿ" ಅಂತಾರೆ. ಕಣ್ಣು ಮುಚ್ಚಲು ಧೈರ್ಯ ಸಾಲುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನಗೆ ತೋಟದ ಪಂಪ್‌ಸೆಟ್ಟು, ಕೊಳೆ ಔಷಧ ಹೊಡೆಯುವ ಪಂಪು ಬಿಟ್ಟರೆ ಬೇರೆ ಇಂಜಿನ್ ಗೊತ್ತಿಲ್ಲ. ಭಾವನಿಗೆ ಬೋಟು ಓಡಿಸಲು ಚೆನ್ನಾಗಿ ಬರುತ್ತದೆ, ಬಿಚ್ಚಲು ಬರುವುದಿಲ್ಲ. ಭಾನುವಾರ ನೋಡಲು ಹೋಗುತ್ತೇವೆ. ಮಳೆಗಾಲ ಶುರುವಾಗುವುದರೊಳಗೆ ಮುಗಿಸಿ ಅಂತ ಅವರದು ಒಂದೇ ಅವಸರ. ಏನು ನೋಡಬೇಕು, ಯಾವುದನ್ನು ನೋಡಿದರೆ ಅಲ್ಲೇ ಕೈ ಮುಗಿದು ವಾಪಸ್ ಬರಬೇಕು, ಹೇಳಿ.

ನಾಡದೋಣಿ, ಮಾಜಾಳಿ

ಹಳೇ ಇಂಜಿನ್ ಅಂದ್ರೆ ಬೇರೆಯವರ ತಲೆನೋವನ್ನು ದುಡ್ಡು ಕೊಟ್ಟು ತರೋದು ಮಾರಾಯ್ರೆ. ಬೋಟಿನ ಮೈ ಗಟ್ಟಿ ಇದೆಯಾ ನೋಡಿ, ಇಂಜಿನ್‌ಗೆ ಗುಜರಿ ರೇಟು ಹಾಕಿ, ಹೊಸದು ಕೂರಿಸಿ. ಮುಗೀತು.

ಘಟ್ಟದ ಮೇಲಿನವ, ಶಿರಸಿ

ಎರಡು ಹೊಸ ಇಂಜಿನ್ ತಗೊಳ್ಳುವ ಶಕ್ತಿ ಇದ್ದಿದ್ದರೆ ಹಳೇ ಬೋಟಿನ ಹಿಂದೆ ಯಾಕೆ ಬೀಳ್ತಿದ್ದೆ ಅಣ್ಣಾ.

ಸ್ಪ್ಯಾನರ್, ಬೈತಖೋಲ್

ಮಾಜಾಳಿ ಅಣ್ಣ ಹೇಳಿದ್ದು ತಪ್ಪಲ್ಲ, ಆದರೆ ಎಲ್ಲರಿಗೂ ಆಗುವ ಮಾತಲ್ಲ. ಸರಿಯಾಗಿ ನೋಡಿ ತಗೊಂಡರೆ ಹಳೇ ಫೋರ್ ಸ್ಟ್ರೋಕ್ ಇನ್ನೂ ಎಷ್ಟೋ ವರ್ಷ ಓಡುತ್ತದೆ.

ಇವತ್ತೇ ಮಾರುವವರಿಗೆ ಫೋನ್ ಮಾಡಿ ಒಂದು ಮಾತು ಹೇಳಿಬಿಡಿ: ಬೋಟು ನೀರಲ್ಲೇ ಇರಲಿ, ನಾವು ಬರುವ ತನಕ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಮಾತಿಗೆ ನಿಲ್ಲಬೇಡಿ, ಚಹಾ ಆಮೇಲೆ ಕುಡಿಯಬಹುದು. ಕವರ್ ತೆಗೆಸಿ ಸಿಲಿಂಡರ್ ಹೆಡ್ (ಪ್ಲಗ್ ಕೂರುವ ಭಾಗ) ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಬೆಳಿಗ್ಗೆ ಒಮ್ಮೆ ಓಡಿಸಿ ಇಟ್ಟಿದ್ದಾರೆ ಅಂತ ಅರ್ಥ. ಬಿಸಿ ಇಂಜಿನ್ ಯಾವುದಾದರೂ ಸ್ಟಾರ್ಟ್ ಆಗುತ್ತದೆ. ತಣ್ಣಗಿದ್ದಾಗ ಎಷ್ಟು ಹೊತ್ತು ತಿರುಗಿಸಬೇಕು, ಮೊದಲ ಹೊಗೆ ಯಾವ ಬಣ್ಣ, ಐಡಲ್‌ನಲ್ಲಿ (ಗೇರಿಲ್ಲದೆ ನಿಧಾನ ತಿರುಗುವಾಗ) ಸಮವಾಗಿ ಓಡುತ್ತದಾ ಅಥವಾ ಕೆಮ್ಮುತ್ತದಾ, ಇದೆಲ್ಲ ಆಗ ಮಾತ್ರ ಕಾಣುವುದು. ದಂಡೆ ಮೇಲೆ ನೀರಿನ ಪೈಪು ಕಟ್ಟಿ ಸ್ಟಾರ್ಟ್ ಮಾಡಿ ತೋರಿಸ್ತೇವೆ ಅಂದರೆ ಒಪ್ಪಬೇಡಿ. ಭಾರ ಬೀಳದ ಇಂಜಿನ್ ಸುಮ್ನೆ ತಿರುಗುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಇನ್ನು ನಿಮ್ಮ ಪುಣ್ಯ ಏನೆಂದರೆ ಅಲ್ಲಿ ಎರಡು ಇಂಜಿನ್ ಇರುವುದು. ಒಂದೇ ಮಾಡೆಲ್, ಒಂದೇ ಬೋಟು, ಒಂದೇ ನೀರು, ಒಂದೇ ಪೆಟ್ರೋಲ್, ಓಡಿಸಿದವನೂ ಒಬ್ಬನೇ. ಅಂದಮೇಲೆ ಎರಡೂ ಒಂದೇ ಥರ ಸವೆದಿರಬೇಕು, ಅಲ್ವಾ? ಹಾಗಾಗಿ ಎಡದ್ದನ್ನು ನೋಡಿದ ಹಾಗೇ ಬಲದ್ದನ್ನೂ ನೋಡಿ, ಪ್ರತಿಯೊಂದನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಏನೋ ನಡೆದಿದೆ. ಒಂಟಿ ಇಂಜಿನ್ ನೋಡುವಾಗ ಇದು ಸರಿಯೋ ತಪ್ಪೋ ಅಂತ ಹೇಳಲು ಅನುಭವ ಬೇಕು. ಜೋಡಿ ಇಂಜಿನ್‌ಗೆ ಅಷ್ಟು ಬೇಡ, ಒಂದಕ್ಕೆ ಇನ್ನೊಂದೇ ಅಳತೆ.

ಬರೆದುಕೊಳ್ಳುವುದು ಏನು ಅಂದರೆ: ಕೀ ತಿರುಗಿಸಿದಾಗ ವಾರ್ನಿಂಗ್ ಬೀಪ್ ಎರಡರಲ್ಲೂ ಬರುತ್ತದಾ (ಒಂದರಲ್ಲಿ ಬರದಿದ್ದರೆ ವೈರ್ ಯಾಕೆ ಕಿತ್ತರು ಅಂತ ಕೇಳಿ, ಬೀಪ್ ಕಿರಿಕಿರಿ ಅಂತ ಯಾರೂ ಕೀಳುವುದಿಲ್ಲ, ಅದು ನಿಲ್ಲದೆ ಹೊಡೆದುಕೊಳ್ಳಲು ಶುರುವಾದಾಗ ಕೀಳುತ್ತಾರೆ). ಸ್ಟಾರ್ಟ್ ಆಗಲು ಎಷ್ಟು ಹೊತ್ತು ಹಿಡಿಯಿತು. ಐಡಲ್ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಎಷ್ಟು. ಓಡುವಾಗ ಬ್ಯಾಟರಿ ವೋಲ್ಟೇಜ್ ಎಷ್ಟು, 14ರ ಆಸುಪಾಸು ಇರಬೇಕು, 12ರಲ್ಲೇ ನಿಂತಿದ್ದರೆ ಚಾರ್ಜ್ ಆಗುತ್ತಿಲ್ಲ. ಹಿಂದಿನ ಸಣ್ಣ ತೂತಿನಿಂದ ತಂಪು ನೀರು ಎಷ್ಟು ಜೋರಾಗಿ ಚಿಮ್ಮುತ್ತದೆ. ಒಂದು ದೂರ ಹಾರಿ, ಇನ್ನೊಂದು ತೊಟ್ಟಿಕ್ಕಿದರೆ ಇಂಪೆಲ್ಲರ್ (ತಂಪು ನೀರು ಎಳೆಯುವ ಪಂಪಿನ ಚಕ್ರ) ರಬ್ಬರ್ ಸವೆದಿರಬಹುದು, ಇಲ್ಲವೇ ಬರೀ ತೂತು ಕಟ್ಟಿರಬಹುದು. ತಂತಿ ಹಾಕಿ ನೋಡಿ ಆಮೇಲೆ ತೀರ್ಪು ಕೊಡಿ. ಕಾಳಿ ಅಳಿವೆಯಲ್ಲಿ ಮರಳು ಜಾಸ್ತಿ, ಇಳಿತದಲ್ಲಿ ಆಳ ಇಲ್ಲದ ಕಡೆ ಓಡಿಸಿದರೆ ಇಂಪೆಲ್ಲರ್ ಬೇಗ ಸವೆಯುತ್ತದೆ. ಅದೇನು ದೊಡ್ಡ ಖರ್ಚಲ್ಲ. ಅದು ಸವೆದಿದ್ದಾಗಲೂ ಹಾಗೇ ಓಡಿಸಿದ್ದರೆ ಮಾತ್ರ ದೊಡ್ಡದು. ಹೆಡ್ ಹತ್ತಿರ ಬಣ್ಣ ಕಪ್ಪಾಗಿ ಅಥವಾ ಗುಳ್ಳೆ ಎದ್ದಿದ್ದರೆ ಬಿಸಿಯಾದ ಇಂಜಿನ್ ಅದು.

ಹೊಸದಾಗಿ ಸ್ಪ್ರೇ ಪೇಂಟ್ ಹೊಡೆದು ಮಿಂಚುತ್ತಿದ್ದರೆ ಖುಷಿ ಪಡಬೇಡಿ. ಬಣ್ಣದ ಕೆಳಗೆ ಏನಿತ್ತು ಅಂತ ಯಾರಿಗೂ ಗೊತ್ತಿಲ್ಲ.

ನೀಲಿ ನೀರು, ಮುರ್ಡೇಶ್ವರ

ಸ್ಪ್ಯಾನರ್ ಅಣ್ಣ ಹೇಳಿದ್ದಕ್ಕೆ ಸೇರಿಸ್ತೇನೆ. ನಾನು ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಬೋಟು ಓಡಿಸುವವನು. ದಡದಿಂದ ಸುಮಾರು 19 ಕಿಲೋಮೀಟರ್, ಅಲ್ಲಿ ಕೈ ಕೊಟ್ಟರೆ ಮೊಬೈಲ್‌ನಲ್ಲಿ ಮೆಕ್ಯಾನಿಕ್ ಕರೆಯಲು ಆಗುವುದಿಲ್ಲ.

ಫುಲ್ ಥ್ರಾಟಲ್ (ಪೂರ್ತಿ ವೇಗದ) ಓಟ ನೋಡದೆ ಬಿಡಬೇಡಿ. ಗೇರಿಗೆ ಹಾಕಿ, ಬಿಸಿಯಾಗಲು ಬಿಟ್ಟು, ತೆರೆದ ನೀರಿನಲ್ಲಿ ಪೂರ್ತಿ ಕೊಟ್ಟು ನಾಲ್ಕೈದು ನಿಮಿಷ ಹಿಡಿಯಿರಿ. ಈ ಸೈಜಿನ ಫೋರ್ ಸ್ಟ್ರೋಕ್‌ಗಳಿಗೆ ಹೆಚ್ಚಾಗಿ 5000ದಿಂದ 6000 ಆರ್‌ಪಿಎಂ ಅಂತ ಕೈಪಿಡಿಯಲ್ಲೇ ಇರುತ್ತದೆ. ನಿಮ್ಮ ಮಾಡೆಲ್‌ದು ನೋಡಿಕೊಂಡು ಹೋಗಿ. ಎರಡೂ ಕಡಿಮೆ ಬಂದರೆ ಬೋಟಿನ ತಳದಲ್ಲಿ ಚಿಪ್ಪು ಹಿಡಿದಿರಬಹುದು, ಫ್ಯಾನಿನ (ಬೋಟು ತಳ್ಳುವ ಪ್ರೊಪೆಲ್ಲರ್) ಪಿಚ್, ಅಂದರೆ ಎಲೆಗಳ ಓರೆ, ಜಾಸ್ತಿ ಇರಬಹುದು. ಒಂದೇ ಕಡಿಮೆ ಬಂದರೆ ಫ್ಯಾನ್ ಅದಲು ಬದಲು ಮಾಡಿ ಮತ್ತೆ ಓಡಿಸಿ. 60 ಎಚ್‌ಪಿಯಲ್ಲಿ ಸಾಮಾನ್ಯವಾಗಿ ಎರಡೂ ಒಂದೇ ಕಡೆಗೆ ತಿರುಗುವ ಫ್ಯಾನೇ ಇರುತ್ತದೆ, ಹಾಗಾಗಿ ಬದಲಿಸಬಹುದು. ದೊಡ್ಡ ಇಂಜಿನ್ ಜೋಡಿಗಳಲ್ಲಿ ಒಂದು ಎಡಕ್ಕೆ ಒಂದು ಬಲಕ್ಕೆ ತಿರುಗುವುದೂ ಉಂಟು, ಅಲ್ಲಿ ಈ ಆಟ ನಡೆಯುವುದಿಲ್ಲ. ಬದಲಿಸಿದ ಮೇಲೆ ಕೊರತೆ ಫ್ಯಾನಿನ ಜೊತೆ ಹೋಯಿತಾ, ಇಂಜಿನ್‌ನಲ್ಲೇ ಉಳಿಯಿತಾ ನೋಡಿ. ಆರ್‌ಪಿಎಂ ಮೇಲೆ ಹೋಗಿ ಬೋಟು ಮಾತ್ರ ಮುಂದೆ ಹೋಗದಿದ್ದರೆ ಫ್ಯಾನಿನ ಒಳಗಿನ ರಬ್ಬರ್ ಬುಶ್ ಜಾರುತ್ತಿದೆ.

ಆಮೇಲೆ ಒಂದು ಇಂಜಿನ್ ಮೇಲೆತ್ತಿ, ಇನ್ನೊಂದರಲ್ಲೇ ಓಡಿಸಿ. ನಂತರ ಉಲ್ಟಾ. ಎರಡು ಇಂಜಿನ್ ಅಂತ ಜಾಸ್ತಿ ದುಡ್ಡು ಕೊಡುವುದೇ ಇದಕ್ಕೆ. ಒಂದು ಹೋದಾಗ ಇನ್ನೊಂದು ಮನೆಗೆ ತರಬೇಕು. ವೇಗ ಬರುವುದಿಲ್ಲ, ನಿಧಾನವಾಗಿ ಬರುತ್ತದೆ, ಆದರೆ ಹರಿವಿನ ಎದುರು ಬರುತ್ತದಾ ನೋಡಿಕೊಳ್ಳಿ.

ಇಲ್ಲೇ ಒಂದು ಮೋಸ ಇದೆ, ಯಾರೂ ಬೇಕಂತ ಮಾಡಿದ್ದಲ್ಲ. ಎಷ್ಟೋ ಬೋಟುಗಳಲ್ಲಿ ಎರಡು ಇಂಜಿನ್‌ಗೂ ಒಂದೇ ಟ್ಯಾಂಕ್, ಒಂದೇ ಫಿಲ್ಟರ್, ಒಂದೇ ಬ್ಯಾಟರಿ. ಟ್ಯಾಂಕಿಗೆ ನೀರು ಸೇರಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ನೋಡಲು ಎರಡು ಇಂಜಿನ್, ಲೆಕ್ಕಕ್ಕೆ ಒಂದೇ. ಪೆಟ್ರೋಲ್ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕೈ ಹಿಡಿದು ಕೊನೆ ತನಕ ಹೋಗಿ ನೋಡಿ. ಬೇರೆ ಬೇರೆ ಇಲ್ಲದಿದ್ದರೆ ಬೇರೆ ಮಾಡಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.

ನಾಡದೋಣಿ, ಮಾಜಾಳಿ

ಜನ ಎಷ್ಟು ಕೂತಿದ್ದಾಗ ಓಡಿಸಿ ನೋಡ್ತೀರಿ ಅನ್ನೋದೂ ಮುಖ್ಯ. ಮೂರು ಜನ ಕೂತು ಹಾರಿಸಿದರೆ ಎಲ್ಲಾ ಇಂಜಿನ್ನೂ ಚಂದ.

ನೀಲಿ ನೀರು, ಮುರ್ಡೇಶ್ವರ

ಹೌದು, ಅದು ಬರೆಯಲು ಬಿಟ್ಟುಹೋಯಿತು. ನೋಂದಣಿಯಲ್ಲಿ ಎಷ್ಟು ಜನರಿಗೆ ಅನುಮತಿ ಇದೆಯೋ ಅಷ್ಟು ಭಾರ ಹಾಕಿ ಓಡಿಸಿ. ಜನ ಸಿಗದಿದ್ದರೆ ಕ್ಯಾನಿನಲ್ಲಿ ನೀರು ತುಂಬಿಸಿ ಇಡಿ. ಅದಕ್ಕಿಂತ ಒಬ್ಬರೂ ಜಾಸ್ತಿ ಬೇಡ, ಪರೀಕ್ಷೆಗೂ ಬೇಡ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರುವ ಬೋಟು ಮಗುಚಿ 16 ಜನ ತೀರಿಹೋದದ್ದು ಕಾರವಾರದವರಿಗೆ ಹೇಳಬೇಕಾಗಿಲ್ಲ. ಅಲ್ಲೂ ಭಾರ ಮಿತಿ ಮೀರಿತ್ತು.

ಅಳಿವೆ ಬಾಗಿಲು, ತದಡಿ

ಪೆಟ್ರೋಲ್ ವಿಷಯ ಬಂತಲ್ಲ, ಅದನ್ನೂ ಬರೆದುಬಿಡುತ್ತೇನೆ. ಈಗ ಪಂಪಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಹೆಚ್ಚಿನ ಔಟ್‌ಬೋರ್ಡ್ ಕೈಪಿಡಿಗಳಲ್ಲಿ 10% ತನಕ ಅಂತ ಬರೆದಿರುತ್ತದೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಕರಾವಳಿಯ ಗಾಳಿ ಕೇಳಬೇಕಾ. ಅರ್ಧ ಖಾಲಿ ಟ್ಯಾಂಕ್ ತಿಂಗಳುಗಟ್ಟಲೆ ನಿಂತರೆ ನೀರು ಕೆಳಗೆ ಇಳಿದು ಕೂರುತ್ತದೆ. ಫಿಲ್ಟರ್ ಬಿಚ್ಚಿ ಅದರಲ್ಲಿರುವುದನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಇಡಿ. ಕೆಳಗೆ ಬೇರೆ ಪದರ ಕಂಡರೆ ನೀರಿದೆ. ಹಳೇ ರಬ್ಬರ್ ಪೈಪು ಒಳಗಿನಿಂದ ಸಿಪ್ಪೆ ಎದ್ದು ಇಂಜೆಕ್ಟರ್ ಕಟ್ಟಿಕೊಳ್ಳುವುದೂ ಇದೆ.

ಮತ್ತೆ ಗಂಟೆ ಮೀಟರ್ ನಂಬಬೇಡಿ. "ಬರೀ 200 ಗಂಟೆ ಓಡಿದ್ದು" ಅಂತ ಹೇಳಿ ಮಾರುವ ಇಂಜಿನ್ ಮೇಲೆ ನನಗೆ ಮೊದಲು ಅನುಮಾನ ಬರುತ್ತದೆ. ಮೂರು ಮಳೆಗಾಲ ಉಪ್ಪು ನೀರು ಕುಡಿದು ಸುಮ್ನೆ ನಿಂತ 200 ಗಂಟೆಗಿಂತ, ದಿನಾ ಓಡಿ, ಬಂದ ಮೇಲೆ ಸಿಹಿ ನೀರಲ್ಲಿ ತೊಳೆದ 1200 ಗಂಟೆ ಎಷ್ಟೋ ಮೇಲು.

ಸ್ಪ್ಯಾನರ್, ಬೈತಖೋಲ್

ಪೂರ್ತಿ ಒಪ್ಪಿದೆ. ಇಂಜೆಕ್ಷನ್ ಇಂಜಿನ್ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವಂಥದ್ದು) ಆದರೆ ಒಂದು ಅನುಕೂಲ ಇದೆ. ಡ್ಯಾಶ್‌ಬೋರ್ಡಿನ ಮೀಟರ್ ಬದಲಿಸಬಹುದು, ಆದರೆ ಇಂಜಿನ್‌ನ ಕಂಪ್ಯೂಟರ್ ತನ್ನ ಲೆಕ್ಕ ತಾನೇ ಇಟ್ಟಿರುತ್ತದೆ. ಡೀಲರ್ ಕಡೆಯ ಮೆಕ್ಯಾನಿಕ್ ಲ್ಯಾಪ್‌ಟಾಪ್ ಜೋಡಿಸಿದರೆ ಒಟ್ಟು ಎಷ್ಟು ಗಂಟೆ, ಅದರಲ್ಲಿ ನಿಧಾನ ಎಷ್ಟು, ಜೋರಾಗಿ ಎಷ್ಟು, ಹಿಂದೆ ಯಾವ ಎಚ್ಚರಿಕೆ ಬಂದಿತ್ತು ಎಲ್ಲಾ ಬರುತ್ತದೆ. ಅವನಿಗೆ ಕೊಡುವ ದುಡ್ಡು ದಂಡ ಅಲ್ಲ. ಮಾರುವವರು ಅದಕ್ಕೆ ಬೇಡ ಅಂದರೆ ಅಲ್ಲೇ ಉತ್ತರ ಸಿಕ್ಕಿತು.

ಅಳಿವೆ ಬಾಗಿಲು, ತದಡಿ

ಒಂದು ಕೇಳಲಾ? ಎರಡನ್ನೂ ಹೋಲಿಸಿ ನೋಡಿ ಅಂದಿರಿ. ಎರಡೂ ಒಂದೇ ಸಮ ಹಾಳಾಗಿದ್ದರೆ?

ಸ್ಪ್ಯಾನರ್, ಬೈತಖೋಲ್

ಒಳ್ಳೇ ಪ್ರಶ್ನೆ. ಹೋಲಿಕೆಗೆ ಸಿಗದೆ ಉಳಿಯುವುದು ಅದೊಂದೇ. ತೊಳೆಯದ ಮಾಲೀಕ ಎರಡನ್ನೂ ತೊಳೆದಿರುವುದಿಲ್ಲ, ಹಾಗಾಗಿ ಉಪ್ಪಿನ ಹಾವಳಿ ಎರಡರಲ್ಲೂ ಸಮ. ಅದಕ್ಕೆ ಬೇರೆ ದಾರಿ ಹಿಡಿಯಬೇಕು.

ಮೊದಲು ಆನೋಡ್ ನೋಡಿ, ಇಂಜಿನ್ ಕಾಲಿಗೆ ಕಟ್ಟಿರುವ ಬೂದು ಬಣ್ಣದ ಲೋಹದ ತುಂಡು. ಅದು ಸವೆಯಲಿಕ್ಕೇ ಇರುವುದು. ಅರ್ಧ ತಿಂದು ಹೋಗಿದ್ದರೆ ಸಂತೋಷ, ಕೆಲಸ ಮಾಡುತ್ತಿದೆ. ಪೂರ್ತಿ ಮಾಯವಾಗಿದ್ದರೆ ಆಮೇಲೆ ಉಪ್ಪು ಇಂಜಿನ್ನಿನ ಅಲ್ಯೂಮಿನಿಯಂ ತಿನ್ನಲು ಶುರು ಮಾಡಿರುತ್ತದೆ. ಹಳೇ ಆನೋಡ್ ಮೇಲೆ ಚಂದ ಮಾಡಿ ಬಣ್ಣ ಬಳಿದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಥರ್ಮೋಸ್ಟಾಟ್ (ತಂಪು ನೀರಿನ ಹರಿವು ಹತೋಟಿ ಮಾಡುವ ಭಾಗ) ಮುಚ್ಚಳ ಬಿಚ್ಚಲು ಬಿಟ್ಟರೆ ಇನ್ನೂ ಒಳ್ಳೆಯದು. ಒಳಗೆ ಬಿಳಿ ಉಪ್ಪು ಗಟ್ಟಿ ಕಟ್ಟಿದೆಯಾ ಕಣ್ಣಲ್ಲೇ ಕಾಣುತ್ತದೆ. ತೂತಿನಿಂದ ನೀರು ಚೆನ್ನಾಗಿ ಚಿಮ್ಮುತ್ತದೆ ಅಂದರೆ ಪಂಪ್ ಸರಿ ಇದೆ ಅಂತ ಮಾತ್ರ, ಒಳಗಿನ ದಾರಿ ಎಲ್ಲ ತೆರೆದಿದೆ ಅಂತಲ್ಲ. ಇದು ತುಂಬಾ ಜನಕ್ಕೆ ತಪ್ಪುತ್ತದೆ.

ಎರಡನೆಯದು ಡಿಪ್‌ಸ್ಟಿಕ್, ಆಯಿಲ್ ಮಟ್ಟ ಅಳೆಯುವ ಕಡ್ಡಿ. ನದಿಯಲ್ಲಿ ಪ್ರವಾಸಿಗರನ್ನು ಇಟ್ಟುಕೊಂಡು ಇಡೀ ದಿನ ನಿಧಾನಕ್ಕೆ ಓಡಿಸಿದ ಇಂಜಿನ್ ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ಸುಡದ ಪೆಟ್ರೋಲ್ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ಮಟ್ಟ ಮೇಲಿನ ಗುರುತು ದಾಟಿದ್ದರೆ, ಮೂಸಿದರೆ ಪೆಟ್ರೋಲ್ ವಾಸನೆ ಬಂದರೆ ಇದೇ. ಅಂಥ ತೆಳು ಆಯಿಲ್‌ನಲ್ಲಿ ವರ್ಷಗಟ್ಟಲೆ ಓಡಿದ್ದರೆ ಬೇರಿಂಗ್ ಗತಿ ಯೋಚನೆ ಮಾಡಿ. ಮಾರುವ ಮುಂಚೆ ಆಯಿಲ್ ಬದಲಿಸಿದ್ದರೆ ಇದು ಕಾಣುವುದಿಲ್ಲ, ಅದಕ್ಕೇ ಓಡಿಸಿ ಬಂದ ಮೇಲೂ ಒಮ್ಮೆ ನೋಡಿ.

ಕಂಪ್ರೆಷನ್ (ಸಿಲಿಂಡರಿನೊಳಗಿನ ಗಾಳಿ ಒತ್ತಡ) ಕೊನೆಗೆ ಅಳೆಯುವುದು, ಇಂಜಿನ್ ಬಿಸಿ ಇರುವಾಗ. ಎಲ್ಲಾ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಇಂಜಿನ್ ಸ್ಟಾರ್ಟ್ ಆಗದಂತೆ ಕಿಲ್ ಸ್ವಿಚ್‌ನ ಹಗ್ಗ ಕಿತ್ತು, ಒಂದೊಂದೇ ಸಿಲಿಂಡರ್. ಎಷ್ಟು ಬಂತು ಅನ್ನುವುದಕ್ಕಿಂತ ಒಂದಕ್ಕೊಂದು ಎಷ್ಟು ದೂರ ಇದೆ ಅನ್ನುವುದು ಮುಖ್ಯ. ಮೂರು ಸಿಲಿಂಡರ್ 180 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು ಇದ್ದು ಒಂದು 140 ಬಂದರೆ ಅಲ್ಲಿ ಪಿಸ್ಟನ್ ರಿಂಗೋ ವಾಲ್ವೋ ಹೋಗಿದೆ. ಎಲ್ಲದರ ನಡುವೆ 10% ಒಳಗಿದ್ದರೆ ನೆಮ್ಮದಿ. ತೆಗೆದ ಪ್ಲಗ್‌ಗಳನ್ನು ಕಲಸಬೇಡಿ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಸಾಲಾಗಿ ಹಲಗೆ ಮೇಲೆ ಇಟ್ಟು ಫೋಟೋ ತೆಗೆಯಿರಿ. ಒಂದು ಪ್ಲಗ್ ಮಾತ್ರ ತೊಳೆದ ಹಾಗೆ ಬೆಳ್ಳಗೆ ಇದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿರಬಹುದು.

ಆಮೇಲೆ ಇಂಜಿನ್ ಕಾಲಿನೊಳಗಿನ ಗೇರ್ ಆಯಿಲ್. ಇಳಿತದ ಹೊತ್ತಿಗೆ ಬೋಟನ್ನು ಮರಳ ಮೇಲೆ ತಂದು, ಇಂಜಿನ್ ನೆಟ್ಟಗೆ ನಿಲ್ಲಿಸಿ, ಕೆಳಗಿನ ಸ್ಕ್ರೂ ಮಾತ್ರ ಸ್ವಲ್ಪ ಸಡಿಲಿಸಿ. ಮೇಲಿನದು ಮುಟ್ಟಬೇಡಿ, ಮುಟ್ಟಿದರೆ ಎಲ್ಲಾ ಸುರಿದು ಹೋಗುತ್ತದೆ. ಬೆರಳ ಮೇಲೆ ನಾಲ್ಕು ಹನಿ ತಗೊಂಡು ಬಿಸಿಲಿಗೆ ಹಿಡಿಯಿರಿ. ಆಯಿಲ್ ಬಣ್ಣವೇ ಇದ್ದರೆ ಸರಿ. ಬಿಳಿಚಿಕೊಂಡು ಮಂದವಾಗಿದ್ದರೆ ಸೀಲ್ (ಶಾಫ್ಟಿನ ಸುತ್ತ ನೀರು ತಡೆಯುವ ರಬ್ಬರ್ ಬಳೆ) ಹೋಗಿ ನೀರು ಒಳಗೆ ಬಂದಿದೆ. ಸ್ಕ್ರೂ ತುದಿಯಲ್ಲಿ ಅಯಸ್ಕಾಂತ ಇರುತ್ತದೆ, ಅದಕ್ಕೆ ಮೆತ್ತಿದ ನುಣ್ಣನೆ ಬೂದು ಹುಡಿ ಸಾಮಾನ್ಯ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗೇರ್ ಹಲ್ಲು ಮುರಿಯುತ್ತಿದೆ. ಇದನ್ನು ಓಡಿಸಿ ಬಂದ ಮೇಲೆ ಮಾಡಬೇಕು, ಯಾಕೆಂದರೆ ನಿನ್ನೆ ಆಯಿಲ್ ಬದಲಿಸಿದ್ದರೂ ಅರ್ಧ ಗಂಟೆ ಓಟದಲ್ಲಿ ಸೀಲ್ ತನ್ನ ಬಣ್ಣ ತೋರಿಸುವುದುಂಟು.

ಫ್ಯಾನ್ ಬಿಚ್ಚಿಸಿ ಶಾಫ್ಟ್ ನೋಡಿ. ನಮ್ಮ ಕಡೆ ಬಲೆ ನೂಲಿಗೆ ಬರವಿಲ್ಲ, ನೈಲಾನ್ ನೂಲು ಶಾಫ್ಟಿಗೆ ಸುತ್ತಿಕೊಂಡು ಒಳಗೆ ಸರಿದು ಸೀಲನ್ನು ಕೊಯ್ದುಬಿಡುತ್ತದೆ.

ಶರಾವತಿ ದಂಡೆ, ಹೊನ್ನಾವರ

ಎಲ್ಲಾ ಗಂಡಸರು ಆಯಿಲ್ ಮೂಸುವುದರಲ್ಲೇ ಇದ್ದೀರಿ. ನಮ್ಮ ಮನೆಯ ಬೋಟುಗಳ ಲೆಕ್ಕ ಬರೆಯುವವಳು ನಾನು, ನನ್ನ ಕಡೆಯಿಂದ ಎರಡು ಮಾತು.

ಬಿಲ್ಲು ಕೇಳಿ. ಇಂಪೆಲ್ಲರ್, ಆಯಿಲ್ ಫಿಲ್ಟರ್, ಪ್ಲಗ್, ಗೇರ್ ಆಯಿಲ್, ಇವು ತಗೊಂಡ ಬಿಲ್ಲು ಇರಬೇಕಲ್ಲ. "ನಾವು ಸರ್ವಿಸ್ ಸರಿಯಾಗಿ ಮಾಡಿಸ್ತಿದ್ವಿ" ಅನ್ನುವವರ ಹತ್ತಿರ ಒಂದಾದರೂ ಚೀಟಿ ಇರುತ್ತದೆ. ಬಿಲ್ಲು ಇಲ್ಲದಿದ್ದರೆ ಸರ್ವಿಸ್ ಆಗಿಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ಇಂಜಿನ್ ನಂಬರ್ ನೋಡಿ. ಬೋಟಿಗೆ ಇಂಜಿನ್ ಕಚ್ಚಿಸುವ ಬ್ರಾಕೆಟ್ ಮೇಲೆ ಪಟ್ಟಿ ಇರುತ್ತದೆ. ಎರಡರದ್ದೂ ಫೋಟೋ ತೆಗೆದು ನೋಂದಣಿ ಪತ್ರ, ಮೊದಲ ಖರೀದಿ ಬಿಲ್ಲು, ಇನ್ಶೂರೆನ್ಸ್ ಮೂರಕ್ಕೂ ತಾಳೆ ಹಾಕಿ. ಪಟ್ಟಿ ಕಿತ್ತಿದ್ದರೆ ಅಥವಾ ನಂಬರ್ ಉಜ್ಜಿದ್ದರೆ ಮಾತಾಡದೆ ಎದ್ದು ಬನ್ನಿ. ಸಾಲ ಬಾಕಿ ಇದೆಯಾ ಅಂತ ಬ್ಯಾಂಕಿನ ಪತ್ರ ಕೇಳಿ. ನದಿಯಲ್ಲಿ ಜನರನ್ನು ಕರೆದೊಯ್ಯುವ ಬೋಟಾದರೆ 2021ರ ಒಳನಾಡು ಹಡಗು ಕಾಯ್ದೆಯಡಿ ನೋಂದಣಿ, ಸರ್ವೆ (ಬೋಟಿನ ತಪಾಸಣೆ) ಎರಡೂ ಚಾಲ್ತಿಯಲ್ಲಿರಬೇಕು. ಇಂಜಿನ್ ಎಷ್ಟು ಚೆನ್ನಾಗಿದ್ದರೂ ಕಾಗದ ಇಲ್ಲದ ಬೋಟು ದಂಡೆಯಲ್ಲೇ ಇರುತ್ತದೆ.

ಘಟ್ಟದ ಮೇಲಿನವ, ಶಿರಸಿ

ಅಕ್ಕಾ, ಕಾಗದದ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಎಲ್ಲಾ ಬರೆದುಕೊಂಡೆ.

ಅಳಿವೆ ಬಾಗಿಲು, ತದಡಿ

ಇದೇ ಚರ್ಚೆಯಲ್ಲಿ ಡೀಸೆಲ್ ಬಗ್ಗೆಯೂ ನಾಲ್ಕು ಸಾಲು ಇರಲಿ, ಟ್ರಾಲ್ ಬೋಟು (ಬಲೆ ಎಳೆದು ಮೀನು ಹಿಡಿಯುವ ದೊಡ್ಡ ಬೋಟು) ನೋಡುವವರೂ ಓದುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ನಿಷೇಧದ ರಜೆ, ಆಗಲೇ ಜಾಸ್ತಿ ಬೋಟು ಕೈ ಬದಲಾಗುವುದು, ಆಗಲೇ ಸಮುದ್ರಕ್ಕೆ ಒಯ್ದು ನೋಡಲು ಆಗದಿರುವುದು. ನನ್ನ ಸಲಹೆ, ಆ ಎರಡು ತಿಂಗಳಲ್ಲಿ ಮುಂಗಡ ಮಾತ್ರ ಕೊಡಿ, ಉಳಿದದ್ದು ಆಗಸ್ಟ್‌ನಲ್ಲಿ ಒಂದು ಸಲ ಬಲೆ ಎಳೆದ ಮೇಲೆ. ಖಾಲಿ ಓಡುವ ಡೀಸೆಲ್ ಇಂಜಿನ್ ಚೆನ್ನಾಗಿಯೇ ಓಡುತ್ತದೆ. ಬಲೆ ಬಿಟ್ಟು ಭಾರ ಬಿದ್ದಾಗ ಹೊಗೆ ನೋಡಿ. ಕಪ್ಪು ಹೊಗೆ ಅಂದರೆ ಗಾಳಿ ಸಾಲುತ್ತಿಲ್ಲ, ಇಂಜೆಕ್ಟರ್ ಸರಿ ಇಲ್ಲ ಅಥವಾ ಫ್ಯಾನ್ ಇಂಜಿನ್‌ಗೆ ದೊಡ್ಡದಾಯಿತು. ನೀಲಿ ಅಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಸುಡುತ್ತಿಲ್ಲ ಅಥವಾ ಒಳಗೆ ನೀರು.

ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ತೂತಿನ ಮೇಲೆ ತಲೆಕೆಳಗೆ ಸುಮ್ನೆ ಇಡಿ. ಅಲ್ಲಾಡುತ್ತಾ ಕೂತರೆ ಸರಿ, ಹಾರಿ ಬಿದ್ದರೆ ರಿಂಗ್ ಸವೆದು ಗಾಳಿ ಕೆಳಗೆ ಬರುತ್ತಿದೆ. ನಮ್ಮ ಕಡೆ ಒಬ್ಬ ದಲ್ಲಾಳಿ ಸವೆದ ಲೇಲ್ಯಾಂಡ್ ಇಂಜಿನ್‌ಗೆ ದಪ್ಪ ಆಯಿಲ್ ತುಂಬಿಸಿ ಹೊಗೆ ಮುಚ್ಚಿ ಮಾರಿದ. ತಗೊಂಡವರು ಆಗಸ್ಟ್‌ನಲ್ಲಿ ಹೊರಟು, ಸೀಸನ್ನಿನ ಒಳ್ಳೇ ದಿನಗಳನ್ನೆಲ್ಲಾ ಜೆಟ್ಟಿಯಲ್ಲಿ ಇಂಜಿನ್ ಬಿಚ್ಚಿಟ್ಟು ಕಳೆದರು. ಅನುಮಾನ ಇದ್ದರೆ ಆಯಿಲ್ ಮಾದರಿ ಲ್ಯಾಬಿಗೆ ಕಳಿಸಬಹುದು. ಕಬ್ಬಿಣ, ತಾಮ್ರ ಜಾಸ್ತಿ ಬಂದರೆ ಸವೆತ, ಸೋಡಿಯಂ ಬಂದರೆ ಉಪ್ಪು ನೀರು ಅಥವಾ ಕೂಲಂಟ್ ಸೇರಿದೆ.

ನಾಡದೋಣಿ, ಮಾಜಾಳಿ

ಸೀಮೆಎಣ್ಣೆ ಇಂಜಿನ್ ನೋಡುವವರು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಯಿತು ಅಂತ ಖುಷಿಪಟ್ಟು ಬರಬೇಡಿ. ಸೀಮೆಎಣ್ಣೆಗೆ ತಿರುಗಿಸಿ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ. ಕಾರ್ಬನ್ ಹಿಡಿದು ರಿಂಗ್ ಅಂಟಿದ್ದರೆ ಆಗ ಗೊತ್ತಾಗುತ್ತದೆ.

ಘಟ್ಟದ ಮೇಲಿನವ, ಶಿರಸಿ

ಹೋಗಿ ಬಂದೆವು. ದೊಡ್ಡ ಕಥೆಯಾಯಿತು, ಕೂತು ಓದಿ.

ಹೆಡ್ ಎರಡೂ ತಣ್ಣಗಿತ್ತು, ಮಾತು ಉಳಿಸಿಕೊಂಡಿದ್ದರು. ಎಡದ್ದು ಕೀ ತಿರುಗಿಸಿದ ಕೂಡಲೇ ಹಿಡಿಯಿತು. ಬಲದ್ದು ತುಂಬಾ ಹೊತ್ತು ತಿರುಗಿಸಿದ ಮೇಲೆ ಕೆಮ್ಮುತ್ತಾ ಎದ್ದಿತು. ಭಾವ ಆಗಲೇ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನೀರು ಎರಡರಲ್ಲೂ ಸಮ ಚಿಮ್ಮುತ್ತಿತ್ತು, ಬೀಪ್ ಎರಡರಲ್ಲೂ ಬಂತು. ಪೂರ್ತಿ ಥ್ರಾಟಲ್‌ನಲ್ಲಿ ಎಡ 5600, ಬಲ 5100. ಫ್ಯಾನ್ ಬದಲಿಸಿದೆವು, 5100 ಬಲದಲ್ಲೇ ಉಳಿಯಿತು. ಹಾಗಾದರೆ ಇಂಜಿನ್ನೇ ಹೋಗಿದೆ ಅಂತ ಅಂದುಕೊಂಡರೆ, ಕಂಪ್ರೆಷನ್ ಎರಡರಲ್ಲೂ ಎಂಟೂ ಸಿಲಿಂಡರ್ ಹೆಚ್ಚುಕಡಿಮೆ ಒಂದೇ. ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿದ. ಟ್ಯಾಂಕ್ ಎರಡು ಬೇರೆ ಬೇರೆ, ಬಲದ್ದರಲ್ಲಿ ಬಾಟಲಿಯ ತಳದಲ್ಲಿ ಎರಡು ಬೆರಳು ನೀರು! ಕೈಯಲ್ಲಿ ಒತ್ತುವ ಪೆಟ್ರೋಲ್ ಬಲ್ಬ್ ಕೂಡ ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತಿತ್ತು. ಬೇರೆ ಕ್ಯಾನಿನಿಂದ ಒಳ್ಳೇ ಪೆಟ್ರೋಲ್, ಹೊಸ ಪೈಪು, ಹೊಸ ಫಿಲ್ಟರ್ ಕೊಟ್ಟು ಓಡಿಸಿದರೆ 5500 ಬಂತು.

ಮಾರುವವರ ಮುಖ ಅರಳಿತು. ಆಮೇಲೆ ಮರಳ ಮೇಲೆ ತಂದು ಗೇರ್ ಆಯಿಲ್ ತೆಗೆದೆವು. ಬಲದ್ದು ಸ್ವಚ್ಛ. ಬೆಣ್ಣೆ ಥರ ಓಡಿದ ಎಡದ್ದು ಬಿಳಿಚಿಕೊಂಡು ಬಂತು. ಫ್ಯಾನ್ ಬಿಚ್ಚಿದರೆ ಶಾಫ್ಟಿನಲ್ಲಿ ಹಸಿರು ನೂಲಿನ ಉಂಡೆ.

ಇನ್ನೊಂದು ವಿಚಿತ್ರ. ಲ್ಯಾಪ್‌ಟಾಪ್ ಜೋಡಿಸಿದಾಗ ಎಡದ್ದು 1400 ಗಂಟೆ, ಬಲದ್ದು 900. ಒಂದೇ ಬೋಟಿನಲ್ಲಿ ಒಟ್ಟಿಗೆ ಕೂರಿಸಿದ ಇಂಜಿನ್‌ಗೆ 500 ಗಂಟೆ ವ್ಯತ್ಯಾಸ ಹೇಗೆ? ನಂಬರ್ ಮಾತ್ರ ಬಿಲ್ಲಿಗೂ ನೋಂದಣಿಗೂ ಸರಿ ಇದೆ.

ಸ್ಪ್ಯಾನರ್, ಬೈತಖೋಲ್

ಇದರಲ್ಲಿ ವಿಚಿತ್ರ ಏನಿಲ್ಲ. ನದಿಯಲ್ಲಿ ಪೆಟ್ರೋಲ್ ಉಳಿಸಲು ಒಂದೇ ಇಂಜಿನ್‌ನಲ್ಲಿ ಓಡಿಸಿರುತ್ತಾರೆ, ಎಡದ್ದಕ್ಕೆ ಕೈ ಕೂತಿತ್ತು ಅಂತ ಕಾಣುತ್ತದೆ. ನಿಂತಿದ್ದ ಬಲದ್ದರ ಟ್ಯಾಂಕಿನಲ್ಲಿ ಪೆಟ್ರೋಲ್ ಹಳತಾಗಿ ನೀರು ಕೂತಿದೆ, ದುಡಿದ ಎಡದ್ದು ನೂಲು ಸುತ್ತಿಕೊಂಡಿದೆ. ಎರಡೂ ಒಂದೇ ಕಾರಣದ ಎರಡು ಮುಖ. ಲ್ಯಾಪ್‌ಟಾಪಿನಲ್ಲಿ ಎಡದ್ದರ ಗಂಟೆ ಹೆಚ್ಚಿನದು ಕಡಿಮೆ ಆರ್‌ಪಿಎಂನಲ್ಲೇ ಇದೆಯಾ ನೋಡಿ, ಇದ್ದರೆ ನನ್ನ ಊಹೆ ಸರಿ. ಆಗ ಎಡದ್ದರ ಡಿಪ್‌ಸ್ಟಿಕ್ ಇನ್ನೊಮ್ಮೆ ಮೂಸಿ.

ಘಟ್ಟದ ಮೇಲಿನವ, ಶಿರಸಿ

ಮುಕ್ಕಾಲು ಪಾಲು ಕಡಿಮೆ ಆರ್‌ಪಿಎಂನಲ್ಲೇ ಇದೆ. ಆಯಿಲ್ ಮಟ್ಟ ಸರಿ ಇದೆ, ವಾಸನೆ ಇಲ್ಲ. ಕೇಳಿದಾಗ ಅವರೂ ಒಪ್ಪಿಕೊಂಡರು.

ಶರಾವತಿ ದಂಡೆ, ಹೊನ್ನಾವರ

ಹಾಗಾದರೆ ಬಿಡಬೇಡಿ, ಬೆಲೆ ಇಳಿಸಿ. ಅವರೇ ಸೀಲ್ ಹಾಕಿಸಿ ಕೊಡ್ತೇವೆ ಅಂದರೆ ಬೇಡ ಅನ್ನಿ. ಆ ದುಡ್ಡು ಕಳೆದು ಕೊಡಿ, ಕೆಲಸ ನಿಮ್ಮ ಮೆಕ್ಯಾನಿಕ್ ಮಾಡಲಿ. ಕರಾರು ಪತ್ರದಲ್ಲಿ ಎರಡೂ ಇಂಜಿನ್ ನಂಬರ್, ಎರಡರ ಗಂಟೆ ಬರೆಸಿ.

ಸ್ಪ್ಯಾನರ್, ಬೈತಖೋಲ್

ಅಕ್ಕ ಹೇಳಿದ ಹಾಗೆ ಮಾಡಿ. ಬೆಲೆ ಮಾತಾಡುವಾಗ ಬರೀ ಸೀಲಿನ ಲೆಕ್ಕ ಹಾಕಬೇಡಿ. ನೀರು ಎಷ್ಟು ದಿನದಿಂದ ಇತ್ತೋ, ಒಳಗೆ ಬೇರಿಂಗ್ ತುಕ್ಕು ಹಿಡಿದಿರಬಹುದು. ಶಾಫ್ಟಿನಲ್ಲಿ ಸೀಲ್ ಕೂರುವ ಜಾಗದಲ್ಲಿ ಉಗುರು ಹಾಕಿ ಎಳೆಯಿರಿ, ಗೀರು ಉಗುರಿಗೆ ಸಿಕ್ಕಿದರೆ ಹೊಸ ಸೀಲೂ ನಿಲ್ಲುವುದಿಲ್ಲ, ಶಾಫ್ಟೇ ಬದಲಿಸಬೇಕು. ಹಾಗಾಗಿ ಗೇರ್ ಕಾಲು ಪೂರ್ತಿ ಬಿಚ್ಚಿ ನೋಡುವ ತನಕ ಕೊನೆಯ ಕಂತು ಕೈಯಲ್ಲೇ ಇಟ್ಟುಕೊಳ್ಳಿ. ಜೋಡಿಸಿದ ಮೇಲೆ ಆಯಿಲ್ ತುಂಬುವ ಮುಂಚೆ ಗಾಳಿ ಒತ್ತಡ ಕೊಟ್ಟು ಇಳಿಯುತ್ತದಾ ನೋಡುವ ಪರೀಕ್ಷೆ ಇದೆ, ಅದನ್ನು ನಿಮ್ಮ ಎದುರೇ ಮಾಡಿಸಿ.

ಘಟ್ಟದ ಮೇಲಿನವ, ಶಿರಸಿ

ಶಾಫ್ಟ್ ಉಗುರಿಗೆ ಸಿಗುತ್ತಿಲ್ಲ, ಬೇರಿಂಗ್ ಒಂದು ಬದಲಿಸಬೇಕಂತೆ. ಅವರು ಬೆಲೆ ಇಳಿಸಿದ್ದಾರೆ, ಕೊನೆ ಕಂತು ಗೇರ್ ಕೆಲಸ ಮುಗಿದ ಮೇಲೆ ಅಂತ ಬರೆದಾಯಿತು. ಬಲದ ಟ್ಯಾಂಕ್ ಖಾಲಿ ಮಾಡಿ ತೊಳೆಯಲು ಕೊಟ್ಟಿದ್ದೇವೆ. ಇನ್ನು ಮಳೆಗಾಲ ಮುಗಿಯುವ ತನಕ ಬೋಟು ದಂಡೆ ಮೇಲೆ. ಇಂಜಿನ್ ಮೇಲೆತ್ತಿ ಇಡಬೇಕಾ, ಇಳಿಸಿ ಇಡಬೇಕಾ?

ಸ್ಪ್ಯಾನರ್, ಬೈತಖೋಲ್

ಇಳಿಸಿ, ನೆಟ್ಟಗೆ. ಒಳಗಿನ ನೀರು ಬಸಿದು ಹೋಗಬೇಕು, ಎತ್ತಿಟ್ಟರೆ ಮಳೆ ನೀರು ಫ್ಯಾನಿನ ಕಡೆಯಿಂದ ತುಂಬಿಕೊಂಡು ಕೂರುತ್ತದೆ. ಸಿಹಿ ನೀರಲ್ಲಿ ಚೆನ್ನಾಗಿ ತೊಳೆದು, ಬ್ಯಾಟರಿ ಬಿಚ್ಚಿ ಮನೆಗೆ ಒಯ್ಯಿರಿ. ಕವರ್ ಒಳಗೆ ಇಲಿ ಗೂಡು ಕಟ್ಟುತ್ತದೆ, ವೈರ್ ಕಡಿಯುತ್ತದೆ, ಭಾವನಿಗೆ ವಾರಕ್ಕೊಮ್ಮೆ ತೆಗೆದು ನೋಡಲು ಹೇಳಿ.